ತುಂಬಿದ ಸಭಾಂಗಣ

ಭೂಮಿ ಬಿಸಿಯಾಗುತ್ತಿದೆ ಎಂದು ಹನ್ನೊಂದು ಪುಸ್ತಕ ಬರೆದವನು ನಾನು. ಓದಿದವರು ಕರಡು ತಿದ್ದಿದವರೊಬ್ಬರೇ. ಅವರೂ ಕೊನೆಯ ಅಧ್ಯಾಯ ಹಾರಿಸಿದ್ದಾರೆಂದು ನನ್ನ ಗುಮಾನಿ. ಭಾಷಣಕ್ಕೆ ಹೋದಲ್ಲೆಲ್ಲ ಕುರ್ಚಿಗಳೇ ಕೇಳುಗರು. ಆದರೆ ಆ ಮೇ ತಿಂಗಳ ಮಧ್ಯಾಹ್ನ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನನ್ನ ಎದೆ ಹಸಿರಾಯಿತು.

ಮೈಕಿನ ಮುಂದೆ ನಿಂತು, ಮೊದಲ ಸಾಲಿನ ಅಜ್ಜಿಯನ್ನು ಕೇಳಿದೆ: "ಅವ್ವಾ, ನನ್ನ ಯಾವ ಪುಸ್ತಕ ಓದಿದ್ದೀರಿ?"

"ಪುಸ್ತಕ ಯಾರ ಓದ್ತಾರೋ ಯಪ್ಪಾ! ಊರಾಗ ಕರೆಂಟಿಲ್ಲ. ಇಲ್ಲಿ ಜನರೇಟರ್ ಐತಿ, ಎ.ಸಿ. ತಣ್ಣಗ ಬೀಸಾಕತ್ತೈತಿ. ನೀ ಏನರ ಹೇಳ್ಕೋತ ಇರು."

ಸಭೆ ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿ ಓಡಿಬಂದು ಕೈಮುಗಿದರು. "ಸರ, ತಪ್ಪಾತ್ರಿ! ಎ.ಸಿ. ಇದ್ದಲ್ಲಿ ನೀವು ಮಾತಾಡಂಗಿಲ್ಲಂತ ಎಲ್ಲಾ ಪುಸ್ತಕದ ಬೆನ್ನುಡಿಯಾಗೂ ಬರದೀರಿ. ಈಗ ಬಂದ್ ಮಾಡಸ್ತೀನ್ರಿ."

ಆ ಮಾತು ಮೈಕಿನಲ್ಲಿ ಕೇಳಿದ್ದೇ ತಡ, ಹಿಂದಿನ ಸಾಲಿನವರು ಕಾಲಿನಲ್ಲೇ ಚಪ್ಪಲಿ ಹುಡುಕತೊಡಗಿದರು. ಬಾಗಿಲ ಬಳಿಯವರು ಎದ್ದೇಬಿಟ್ಟರು. ಅಜ್ಜಿಯೂ ಸೆರಗು ಸರಿಮಾಡಿಕೊಂಡಳು.

ನಾನು ಮೈಕಿಗೆ ಕೈ ಅಡ್ಡ ಹಿಡಿದು, ಕಾರ್ಯದರ್ಶಿಯ ಕಿವಿಯಲ್ಲಿ ಅವರದೇ ಧಾಟಿಯಲ್ಲಿ ಹೇಳಿದೆ:

"ಇನ್ನೂ ಎರಡು ಡಿಗ್ರಿ ಇಳಸ್ರಿ."