ದಾರಿ ಬಿಟ್ಟ ದಿನ

ಹೊನ್ನಾವರದ ಮೀನುಗಾರರ ಸಂಘದ ಉಪಗ್ರಹಕ್ಕೆ ಮಲಾವಿ ದೇಶದ್ದೊಂದು ಅಡ್ಡ ಬರುತ್ತಿತ್ತು. ಗಂಟೆಯೊಳಗೆ ಯಾವುದಾದರೊಂದು ದಾರಿ ಬಿಡದಿದ್ದರೆ ಎರಡೂ ಪುಡಿಯಾಗುತ್ತಿದ್ದವು. ದಾರಿ ಬಿಟ್ಟ ಉಪಗ್ರಹಕ್ಕೆ ತನ್ನ ಜಾಗಕ್ಕೆ ಮರಳುವವರೆಗೆ, ಇಡೀ ದಿನ, ಕೆಳಗಿನದೇನೂ ಕಾಣದು. ಸಂಘದ ಉಪಗ್ರಹ ನಡೆಸಿ ಕಡಲಿನ ದೋಣಿಗಳ ಮೇಲೆ ಕಣ್ಣಿಡುವವಳು ನಾಗವೇಣಿ. ಬಿರುಗಾಳಿ ಎದ್ದಿತ್ತು, ಗಂಡ ಮಾದೇವನದೂ ಸೇರಿ ಒಂಬತ್ತು ದೋಣಿಗಳು ಕಡಲಲ್ಲಿದ್ದವು.

ಅವಳು ಮಲಾವಿಗೆ ಫೋನು ಮಾಡಿದಳು. "ನಿಮ್ದು ಸರಿಸಿ ಅಕ್ಕಾ, ನಮ್ಮೋರು ಕಡ್ಲಲ್ಲಿದಾರೆ."

"ಇಲ್ಲಿ ನೆರೆ ಬಂದಿದೆ," ಎಂದಳು ಅಲ್ಲಿನ ಉಪಗ್ರಹ ನಡೆಸುವ ಚಿಕೊಂಡಿ, ಅನುವಾದ ಯಂತ್ರದ ಸಪ್ಪೆ ದನಿಯಲ್ಲಿ. "ಮನೆಯ ಮಾಡು ಹತ್ತಿ ಕೂತ ಮಕ್ಕಳನ್ನು ಹುಡುಕುತ್ತಿದ್ದೇವೆ."

ನಾಗವೇಣಿ ತನ್ನದನ್ನೇ ಸರಿಸಿ ದಡಕ್ಕೆ ಓಡಿದಳು. ಸಂಜೆಯೊಳಗೆ ಎಂಟು ದೋಣಿಗಳು ಬಂದವು, ಮಾದೇವನದು ಬರಲಿಲ್ಲ.

ಆಗ ಚಿಕೊಂಡಿಯೇ ಫೋನು ಮಾಡಿದಳು. "ನಮ್ಮದೀಗ ನಿಮ್ಮ ಕಡಲ ಮೇಲಿದೆ. ನೇತ್ರಾಣಿ ದ್ವೀಪದ ಮರೆಯಲ್ಲಿ ಒಂದು ದೋಣಿ ಇದೆ ತಂಗೀ. ಮಗುಚಿಲ್ಲ, ತೇಲುತ್ತಿದೆ."