ಹತ್ತಿರದ ಎಲೆಕ್ಟ್ರಾನ್

"ಥೋರಿಯಂ ನ್ಯೂಕ್ಲಿಯಸ್ಸು ತನ್ನಲ್ಲಿ ಉಕ್ಕಿದ ಸಣ್ಣ ಶಕ್ತಿಯನ್ನು ಬೆಳಕಾಗಿ ಬಿಡುವುದು ಅಪರೂಪ," ಎಂದು ಪ್ರೊಫೆಸರ್ ಹೇರ್ಳೆ ವೇದಿಕೆಯಲ್ಲಿ ವಿವರಿಸುತ್ತಿದ್ದರು. "ಹತ್ತಿರದ ಎಲೆಕ್ಟ್ರಾನಿಗೆ ಅದನ್ನು ದಾಟಿಸಿ, ಆ ಎಲೆಕ್ಟ್ರಾನನ್ನೇ ಹೊರದಬ್ಬಿ, ತಾನು ತಣ್ಣಗೆ ಕೂರುತ್ತದೆ."

ಥೋರಿಯಂ ಸವರಿದ ಲೋಹದ ತಟ್ಟೆಯಿಂದ ಹೀಗೆ ಹೊರಬಿದ್ದ ಎಲೆಕ್ಟ್ರಾನುಗಳ ಅಳತೆಯೆಲ್ಲ ಅವರ ವಿದ್ಯಾರ್ಥಿನಿ ವಾರಿಜಾಳದು. ಪ್ರಬಂಧದ ಮೇಲೆ ಹೆಸರು ಅವರೊಬ್ಬರದೇ.

ಬೆಳಿಗ್ಗೆ ಅವಳು ಹೇಳಿದ್ದಳು: "ಸರ್, ಥೋರಿಯಂ ಇಲ್ಲದ ಬರೀ ತಟ್ಟೇನೂ ಒಮ್ಮೆ ಅಳೀಬೇಕಿತ್ತು. ಮತ್ತೆ, ನನ್ನ ಹೆಸರು ಬಿಟ್ಟುಹೋಗಿದೆ."

"ಎರಡಕ್ಕೂ ಈಗ ಟೈಮಿಲ್ಲಮ್ಮ."

ಸಭೆಯಲ್ಲಿ ಹಿರಿಯರೊಬ್ಬರು ಎದ್ದರು. "ಈ ಎಲೆಕ್ಟ್ರಾನುಗಳು ತಟ್ಟೆಯಿಂದಲೇ ಎದ್ದು ಬಂದಿರಬಹುದಲ್ಲ ಹೇರ್ಳೆಯವರೇ? ಬರೀ ತಟ್ಟೆ ಅಳೆದಿದ್ರಾ? ಇಲ್ಲ ಅಂದ್ರೆ ಇದೆಲ್ಲ ಕಸ."

ಹೇರ್ಳೆ ನೀರು ಕುಡಿದು, ಬಾಯೊರೆಸಿಕೊಂಡು, ಕೊನೆಯ ಸಾಲಿನತ್ತ ಅಕ್ಕರೆಯಿಂದ ಕೈಚಾಚಿದರು.

"ಈ ಕೆಲಸವೆಲ್ಲ ನಮ್ಮ ವಾರಿಜಾದು. ಎದ್ದು ನಿಲ್ಲಮ್ಮ, ಎಲ್ಲರೂ ನಿನ್ನ ನೋಡ್ಲಿ."