ಮೊದಲ ಬಹುಮಾನದ ಹುಡುಗಿ

ಪ್ರತಿಯೊಂದು ಮಗುವೂ ಎಐನಲ್ಲಿ ಒಂದೊಂದು ಚಿತ್ರ ಮಾಡಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ತರಗತಿಯಲ್ಲಿದ್ದ ಹದಿನಾರು ಮಕ್ಕಳು ಮೇಷ್ಟರ ಮೊಬೈಲಿಗೆ ಬಾಯಲ್ಲಿ ಹೇಳಿ ಹೇಳಿ ಹದಿನಾರು ಚಿತ್ರ ಮಾಡಿಸಿದರು. ಉಳಿದ ಏಳು ಮಕ್ಕಳು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಸಂಖ್ಯೆ ಇಳಿದರೆ ಶಾಲೆ ಮುಚ್ಚಿಬಿಡುತ್ತಾರೆಂಬ ಭಯಕ್ಕೆ ಮೇಷ್ಟರು ಹುಟ್ಟಿಸಿದ ಹೆಸರುಗಳು ಅವು. ಆ ಏಳು ಚಿತ್ರಗಳನ್ನು ಅವರೇ ಮಾಡಿಸಿ, ಕೆಳಗೆ ಹೆಸರು ಬರೆದು, ಗೋಡೆಗೆ ಅಂಟಿಸಿದ್ದರು.

ಚಿತ್ರ ನೋಡಲು ಬಂದ ಶಿಕ್ಷಣ ಇಲಾಖೆಯ ಸಾಹೇಬರು ಒಂದು ಚಿತ್ರದ ಮುಂದೆ ನಿಂತೇಬಿಟ್ಟರು.

"ಇದಕ್ಕೇ ಮೊದಲ ಬಹುಮಾನ. ಯಾರಮ್ಮಾ ಪುಣ್ಯಶ್ರೀ? ಬಾ ಇಲ್ಲಿ."

ಮಕ್ಕಳು ಮುಖ ಮುಖ ನೋಡಿಕೊಂಡರು. ಮೇಷ್ಟರು ಮುಂದೆ ಬಂದರು.

"ಅವಳು ಬಂದಿಲ್ಲ ಸಾರ್. ಜ್ವರ."

"ಮನೆ ಇಲ್ಲೇ ತಾನೇ? ನಡೀರಿ, ಹೋಗಿ ಕೊಟ್ಟು ಬರೋಣ."

"ಅಜ್ಜಿ ಊರಿಗೆ ಹೋಗಿದಾಳೆ ಸಾರ್."

"ಜ್ವರ ಇಟ್ಕೊಂಡಾ?" ಸಾಹೇಬರು ಹುಬ್ಬೇರಿಸಿದರು. "ಹೋಗ್ಲಿ, ಅವಳದೊಂದು ಫೋಟೋನಾದ್ರೂ ಕೊಡಿ. ವರದಿಗೆ ಬೇಕು."

"ಇದೆ ಸಾರ್, ತರ್ತೀನಿ."

ಮೇಷ್ಟರು ಮೊಬೈಲ್ ಹಿಡಿದು ಪಕ್ಕದ ಕೋಣೆಗೆ ಓಡಿದರು. 'ಹತ್ತು ವರ್ಷದ ಹಳ್ಳಿ ಹುಡುಗಿ, ನೀಲಿ ಸಮವಸ್ತ್ರ, ಎರಡು ಜಡೆ, ನಗುಮುಖ' ಎಂದು ಎಐಗೆ ಬರೆದು ಕೊಟ್ಟರು. ಅರೆ ನಿಮಿಷಕ್ಕೆ ಪುಣ್ಯಶ್ರೀ ನಕ್ಕಳು. ಮೇಷ್ಟರಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರು ಫೋಟೋ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಮೇಷ್ಟ್ರೇ, ನಿನ್ನೆ ಪಕ್ಕದೂರಿನ ಶಾಲೇಲೂ ಈ ಹುಡುಗಿಗೇ ಮೊದಲ ಬಹುಮಾನ ಕೊಟ್ಟೆ. ಅಲ್ಲೂ ಫೋಟೋನೇ ಕೊಟ್ರು, ಜ್ವರ ಅಂತ ಬಂದಿರಲಿಲ್ಲ."